ಮಲ್ಪೆ ರೋಡಲ್ಲಿ ತೆಂಗಿನ ಹೂವು, ಒಮ್ಮೆ ತಿಂದು ನೋಡಿ

ಮಲ್ಪೆ ಬೀಚಿಗೆ ಹೋಗುವ ರೋಡಲ್ಲಿ ಬೊಂಡದ (ಎಳನೀರಿನ) ಗಾಡಿಗಳ ಮಧ್ಯೆ ಮೊಳಕೆ ಬಂದ ಕಾಯಿ ರಾಶಿ ಹಾಕಿಕೊಂಡು ಒಬ್ರು ಅಣ್ಣ ನಿಲ್ತಾರೆ, ಅವರ ಹತ್ರ ಸಿಗುವ ತೆಂಗಿನ ಹೂವು, ಅಂದ್ರೆ ಮೊಳಕೆ ಬಂದ ಕಾಯಿಯೊಳಗೆ ಬೆಳೆಯುವ ಸ್ಪಂಜಿನಂಥ ಉಂಡೆ, ನಿಜಕ್ಕೂ ಒಳ್ಳೇದುಂಟು ಮಾರಾಯ್ರೆ. ಒಂದಕ್ಕೆ 80 ರೂಪಾಯಿ. ಮಳೆಗಾಲದಲ್ಲಿ ಅಂಗಳದ ಮೂಲೆಯಲ್ಲಿ ಬಿದ್ದ ಕಾಯಿ ಮೊಳಕೆ ಬಂದ್ರೆ ಒಳಗಿನ ಹೂವಿಗೆ ಮಕ್ಕಳು ಜಗಳ ಆಡುವುದು ನಮ್ಮ ಕಡೆ ಇದ್ದದ್ದೇ, ಆದ್ರೆ ಅದಕ್ಕೆ ದುಡ್ಡು ಕೊಡುವಾಗ ಹದ ನೋಡ್ಬೇಕು, ಇವರಿಗೆ ಆ ಹದ ಗೊತ್ತುಂಟು.

ಮೊಳಕೆ ತೀರಾ ಸಣ್ಣದಿದ್ರೆ ಒಳಗೆ ಹೂವು ನಿಂಬೆಹಣ್ಣಿನಷ್ಟೇ, ಉಳಿದದ್ದೆಲ್ಲ ನೀರು. ಎಲೆ ಬಿಟ್ಟು ತುಂಬ ಉದ್ದ ಆದದ್ದಾದ್ರೆ ನಾರುನಾರು, ಕೆಲವು ಸಲ ಎಣ್ಣೆ ಕನರಿದ ವಾಸನೆ ಬೇರೆ. ಅಣ್ಣ ಸಿಪ್ಪೆ ಸುಲಿದು ಕತ್ತಿಯ ಹಿಂಬದಿಯಿಂದ ಗೆರಟೆಗೆ ಸುತ್ತ ತಟ್ಟಿ ನಮ್ಮೆದುರೇ ಒಡೀತಾರೆ, ಹೂವು ಇಡೀ ಉಂಡೆಯಾಗಿ ಹೊರಗೆ ಬರ್ತದೆ, ಮೇಲೆ ತೆಳು ಹಳದಿ, ಕೊಯ್ದ್ರೆ ಒಳಗೆ ಬೆಳ್ಳಗೆ ಸ್ಪಂಜಿನ ಹಾಗೆ, ಕಚ್ಚಿದ ಕೂಡ್ಲೇ ಸಿಹಿ ನೀರು ಬಾಯಿ ತುಂಬ ಇಳೀತದೆ. ಗೆರಟೆಗೆ ಅಂಟಿದ ತಿರುಳನ್ನೂ ಕಟ್ಟಿ ಕೊಡ್ತಾರೆ, ಬಿಡ್ಬೇಡಿ, ಚಟ್ನಿಗೆ ಆಗ್ತದೆ.

ಸಿಹಿ ಎಲ್ಲಿಂದ ಅಂದ್ರೆ, ಮೊಳಕೆ ಬರುವಾಗ ಕಾಯಿಯೊಳಗಿನ ನೀರು, ತಿರುಳಿನ ಸಾರ ಎಲ್ಲ ಈ ಹೂವೇ ಹೀರಿ ಗಿಡಕ್ಕೆ ಕೊಡುವುದು, ಕೊಬ್ಬು ಕರಗಿ ಸಕ್ಕರೆ ಆಗ್ತದೆ. ಮಾಮೂಲಿ ಹಸಿ ಕಾಯಿಯ 100 ಗ್ರಾಂನಲ್ಲಿ ಸುಮಾರು 33 ಗ್ರಾಂ ಕೊಬ್ಬು ಉಂಟು, ಹೂವಲ್ಲಿ ಅದು ತುಂಬಾ ಕಡಿಮೆ. ಹೆಚ್ಚಿನ ಪಾಲು ನೀರು, ಮತ್ತೆ ಸಕ್ಕರೆ, ನಾರು, ಪೊಟ್ಯಾಸಿಯಂ. ಬಿಸಿಲಲ್ಲಿ ಸುತ್ತಿ ಸುಸ್ತಾದವರಿಗೆ ಎಣ್ಣೆತಿಂಡಿಗಿಂತ ಇದು ಎಷ್ಟೋ ಮೇಲು.

ಒಂದೇ ಬೇಜಾರು, ಗಾಡಿಗೆ ಕಟ್ಟಿದ ಬೋರ್ಡು. ಶುಗರ್, ಕಿಡ್ನಿ, ಕ್ಯಾನ್ಸರ್ ಎಲ್ಲ ಗುಣ ಆಗ್ತದೆ ಅಂತ ಬರ್ದಿದ್ದಾರೆ, ಅದನ್ನು ದಯವಿಟ್ಟು ನಂಬ್ಬೇಡಿ. ಶುಗರ್ ಇದ್ದವರು ಒಂದು ತುಂಡಿಗೆ ನಿಲ್ಸಿ, ಕಿಡ್ನಿ ತೊಂದ್ರೆಯಿಂದ ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ರೆ ಅವರನ್ನು ಕೇಳದೆ ಮುಟ್ಬೇಡಿ. ಇಷ್ಟು ರುಚಿ ಇರುವ ವಸ್ತುವಿಗೆ ಆ ಬೋರ್ಡು ಬೇಕಾಗಿಯೇ ಇಲ್ಲ, ಅಣ್ಣನಿಗೂ ಹೇಳಿದ್ದೇನೆ.

ಕೊಯ್ದದ್ದನ್ನು ಅಲ್ಲೇ ತಿನ್ನಿ, ಇಟ್ರೆ ಬೇಗ ಕಪ್ಪಾಗ್ತದೆ. ಮನೆಗೆ ಬೇಕಾದ್ರೆ ಒಡೆಯದ ಕಾಯಿಯನ್ನೇ ಕೇಳಿ. ಆದಿತ್ಯವಾರ ಸಂಜೆ ರಶ್ಶಲ್ಲಿ ಒಳ್ಳೊಳ್ಳೆ ಕಾಯಿ ಬೇಗ ಖಾಲಿ, ಸ್ವಲ್ಪ ಮೊದಲೇ ಹೋಗಿ.