ಅಣ್ಣನನ್ನು ಕಲಬುರಗಿಯ ಎಎ ಮೀಟಿಂಗ್‌ಗೆ ಕರೆದುಕೊಂಡು ಹೋದೆ

ಮೂರು ವಾರ ಹುಡುಕಿದ ಮೇಲೆ ಸಿಕ್ಕಿತು. ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅಂತಾರೆ. ಕುಡಿತ ಬಿಡಬೇಕು ಅನ್ನುವವರು ವಾರ ವಾರ ಸೇರುವ ಮೀಟಿಂಗ್. ಕುಡಿಯುತ್ತಿದ್ದದ್ದು ನಮ್ಮ ಅಣ್ಣ. ಹುಡುಕಿದ್ದು, ಕರೆದುಕೊಂಡು ಹೋಗಿದ್ದು ನಾನು. ಅವನನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಫೋನಿನ ಮ್ಯಾಪ್ ನಂಬಿ ಹೋದೆವು. ಗೇಟಿಗೆ ಬೀಗ. ಪಕ್ಕದ ಕಿರಾಣಿ ಅಂಗಡಿಯವರು, "ಅವ್ರು ಇಲ್ಲಿಂದ ಹೋಗಿ ಭಾಳ ದಿನ ಆತ್ರಿ" ಅಂದರು. ಅಣ್ಣ ಆಟೊದಿಂದ ಕೆಳಗೇ ಇಳಿದಿರಲಿಲ್ಲ. ವಾಪಸ್ ಬರುವಾಗ ಸೂಪರ್ ಮಾರ್ಕೆಟ್ ಹತ್ತಿರ ಇಳಿದುಕೊಂಡ, ರಾತ್ರಿ ಕುಡಿದೇ ಮನೆಗೆ ಬಂದ. ಕುಡಿಯುವವನು "ಆಯ್ತು, ನಡಿ, ಬರ್ತೀನಿ" ಅನ್ನುವುದು ತಿಂಗಳಿಗೆ ಒಂದು ಸಲ, ಅದೂ ಅವ್ವ ಅತ್ತು ಕರೆದು ಊಟ ಬಿಟ್ಟ ದಿನ, ಅಂಥ ದಿನ ಬೀಗ ಹಾಕಿದ ಬಾಗಿಲು ಕಂಡರೆ ಮತ್ತೊಂದು ಸಲ ಹೊರಡಿಸುವುದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೇ ಗೊತ್ತು. ಹಾಗಾಗಿ ಫೋನ್ ಮಾಡದೆ ಹೋಗಬೇಡಿ. ಎಎ ಇಂಡಿಯಾದ ವೆಬ್‌ಸೈಟ್‌ನಲ್ಲಿ ಹೆಲ್ಪ್‌ಲೈನ್ ನಂಬರ್ ಇದೆ. ನಾನು ಮಾಡಿದೆ. ಅದೇ ಸಂಜೆ ನಮ್ಮ ಊರಿನವರೇ ಒಬ್ಬರು ತಿರುಗಿ ಫೋನ್ ಮಾಡಿ, "ನಿಮ್ಮ ಅಣ್ಣಾರಿಗೆ ಕೊಡ್ರಿ ಯವ್ವಾ, ನಾ ಮಾತಾಡ್ತೀನಿ" ಅಂದರು. ಅಣ್ಣ ಫೋನ್ ಹಿಡಿದು ಮಾಳಿಗೆ ಹತ್ತಿದವನು ಮುಕ್ಕಾಲು ಗಂಟೆ ಕೆಳಗೆ ಬರಲಿಲ್ಲ.

ಜಾಗ ದೊಡ್ಡದೇನಲ್ಲ. ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿ, ಫ್ಯಾನು, ಚಹಾದ ಥರ್ಮಾಸ್. ಹೊರಗೆ ಬೋರ್ಡ್ ಇಲ್ಲ. ಬಂದವರ ಗುರುತು ಹೊರಗೆ ಹೋಗಬಾರದು ಅನ್ನುವುದು ಇವರ ಪದ್ಧತಿ, ಅದಕ್ಕೆ ನಾನೂ ವಿಳಾಸ, ದಿನ ಬರೆಯುತ್ತಿಲ್ಲ. ನಾವು ಹೋದದ್ದು ಓಪನ್ ಮೀಟಿಂಗ್, ಮನೆಯವರೂ ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಇದನ್ನೂ ಫೋನಿನಲ್ಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಜೊತೆಗೆ ಹೋದವರು ಹೊರಗೆ ನಿಲ್ಲಬೇಕಾಗುತ್ತದೆ.

ಫೀಸ್ ಇಲ್ಲ, ಫಾರ್ಮ್ ಇಲ್ಲ, ಮನೆತನ ಕೇಳಲ್ಲ, ಜಾತಿ ಕೇಳಲ್ಲ. ಖರ್ಚಿಗೆ ಅಂತ ಒಂದು ಡಬ್ಬಿ ಎಲ್ಲರ ಕೈಗೆ ಬಂತು. ಅಣ್ಣ ಜೇಬಿಗೆ ಕೈ ಹಾಕಿದ, "ಹೊಸಬರು ಹಾಕಬ್ಯಾಡ್ರಿ" ಅಂದರು. ಒಬ್ಬೊಬ್ಬರೇ ಎದ್ದು ಹೆಸರು ಹೇಳಿ, "ನಾನೊಬ್ಬ ಕುಡುಕ" ಅಂತ ಶುರು ಮಾಡುತ್ತಾರೆ. ಅರ್ಧ ಕನ್ನಡ, ಅರ್ಧ ನಮ್ಮ ಕಲಬುರಗಿ ಉರ್ದು. ಯಾರ ಕಥೆಯನ್ನೂ ಇಲ್ಲಿ ಬರೆಯಲ್ಲ. ಅಣ್ಣನ ಬಗ್ಗೆ ಮಾತ್ರ ಹೇಳುತ್ತೇನೆ. ಹದಿನೈದು ವರ್ಷದಿಂದ ನಾವು ಬೈದದ್ದು, ಆಣೆ ಹಾಕಿಸಿದ್ದು, ದೇವರಿಗೆ ಹರಕೆ ಹೊತ್ತದ್ದು ಯಾವುದನ್ನೂ ತಲೆ ಎತ್ತಿ ಕೇಳದವನು, ಅಲ್ಲಿ ಒಬ್ಬ ಹಿರಿಯರು ಬಾಟಲಿ ಎಲ್ಲೆಲ್ಲಿ ಬಚ್ಚಿಡುತ್ತಿದ್ದರು ಅಂತ ಹೇಳುವಾಗ ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೇಳಿದ. ಎಎ ಹುಟ್ಟಿದ್ದೂ ಹೀಗೇ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಡಾಕ್ಟರ್, ಇಬ್ಬರೂ ಕುಡುಕರೇ, ಕೂತು ಮಾತಾಡಿದ್ದರಿಂದ. ಕುಡಿತ ಬಿಡಲು ಎಎ ಹೇಳಿಕೊಡುವ 12 ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಅವರವರು ತಿಳಿದ ದೇವರು ಅಂತಲೇ ಇದೆ. ಶರಣಬಸವೇಶ್ವರ ಗುಡಿಗೆ ಹೋಗುವವರೂ ಬಂದೇ ನವಾಜ್ ದರ್ಗಾಕ್ಕೆ ಹೋಗುವವರೂ ಅಲ್ಲಿ ಅಕ್ಕಪಕ್ಕ ಕೂತಿದ್ದರು.

ಒಂದು ಮಾತು ಜೋರಾಗಿ ಹೇಳಬೇಕು. ಮೀಟಿಂಗ್ ಆಸ್ಪತ್ರೆ ಅಲ್ಲ. ದಿನಾ ಜಾಸ್ತಿ ಕುಡಿಯುವವರು ತಟ್ಟನೆ ನಿಲ್ಲಿಸಿದರೆ ಕೈ ನಡುಗುತ್ತದೆ, ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಬಹುದು, ಜೀವಕ್ಕೇ ಅಪಾಯ. ಅಣ್ಣ ಹೋದ ವರ್ಷ ತಾನೇ ಬಿಟ್ಟಾಗ ಎರಡನೇ ರಾತ್ರಿ ಗೋಡೆಯ ಜೊತೆ ಮಾತಾಡುತ್ತಿದ್ದ, ನಾವು ದೆವ್ವ ಹಿಡಿದಿದೆ ಅಂದುಕೊಂಡೆವು. ಈ ಸಲ ಮೊದಲು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋದೆವು. ಮಾತ್ರೆ, ಬಿ1 ವಿಟಮಿನ್ ಕೊಟ್ಟು ದೇಹ ಸರಿ ಮಾಡಿದ ಮೇಲೆ ಮೀಟಿಂಗ್. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 14446ಕ್ಕೆ ಫೋನ್ ಮಾಡಿ, ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಹೋಗಲ್ಲ. ಅದಕ್ಕೂ ಮೊದಲು ಒಂದು ಖಾಸಗಿ ಕೇಂದ್ರಕ್ಕೆ ಅವ್ವನ ಬಂಗಾರ ಅಡವಿಟ್ಟು ಸೇರಿಸಿದ್ದೆವು. ತಿಂಗಳು ಮುಖ ತೋರಿಸಲಿಲ್ಲ. ಬಿಟ್ಟು ಬಂದ ಹತ್ತನೇ ದಿನಕ್ಕೆ ಮತ್ತೆ ಕುಡಿದ. ಹೊರಗೆ ಬಂದ ಮೇಲೆ ಕೇಳುವವರು ಯಾರೂ ಇರಲಿಲ್ಲ, ಅದೇ ತಪ್ಪಿದ್ದು ಅಲ್ವಾ.

ಕೊರತೆಗಳೂ ಇವೆ. ಓದುವ ಪುಸ್ತಕದ ಕನ್ನಡ ನಮ್ಮ ಕಡೆಯವರಿಗೆ ಕಷ್ಟ. ನನ್ನ ಬಿಟ್ಟರೆ ಹೆಣ್ಣುಮಕ್ಕಳು ಯಾರೂ ಇರಲಿಲ್ಲ. ಮನೆಯವರಿಗೆ ಅಂತಲೇ ಅಲ್-ಅನಾನ್ ಇದೆ, ಅಂಥದ್ದು ಪಕ್ಕದ ಕೋಣೆಯಲ್ಲೇ ನಡೆದರೆ ನನ್ನಂಥವರಿಗೆ ಎಷ್ಟೋ ಅನುಕೂಲ. ಯಾದಗಿರಿಯಿಂದ ಬಂದಿದ್ದವರು ರೈಲಿನ ಹೊತ್ತಾಯಿತು ಅಂತ ನಡುವೆಯೇ ಎದ್ದು ಹೋದರು, ಪಾಪ.

ಅಣ್ಣ ಕುಡಿಯದೆ ಇವತ್ತಿಗೆ 53 ದಿನ. ಮ್ಯಾಪ್‌ನಲ್ಲಿ ಇನ್ನೂ ಹಳೇ ಜಾಗವೇ ಇದೆ. ಗುಂಪಿನವರನ್ನು ಕೇಳಿ ಅದನ್ನು ತೆಗೆಸುತ್ತೇನೆ ಅಂತ ಅಣ್ಣನೇ ಹೇಳಿದ್ದಾನೆ.