ಪುಟದ ತಳದಲ್ಲಿದ್ದ ಉತ್ತರ: ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಚಂದಾ ಸೇವೆಯ ವಿಮರ್ಶೆ

ಕಂಪ್ಯೂಟರ್ ತೊಡಕುಗಳಿಗೆ ಹಣ ಪಡೆದು ಉತ್ತರ ಒದಗಿಸುವ ಜಾಲತಾಣಗಳ ಪೈಕಿ ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಬಹಳ ಹಳೆಯದು. 1996ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಕ್ಯಾಲಿಫೋರ್ನಿಯಾದ ಸ್ಯಾನ್ ಲೂಯಿಸ್ ಒಬಿಸ್ಪೊದಲ್ಲಿ ನೆಲೆ ನಿಂತ ಈ ಸೇವೆ, ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದ ನನ್ನಂಥವರಿಗೆ ಗೂಗಲ್ ಹುಡುಕಾಟದ ದಾರಿಯಲ್ಲಿ ಮತ್ತೆ ಮತ್ತೆ ಎದುರಾಗುತ್ತಿತ್ತು. ಮೊದಲು ಇದರ ವಿಳಾಸದಲ್ಲಿ ಎರಡು ಪದಗಳು (expertsexchange) ಕೂಡಿಕೊಂಡೇ ಇದ್ದವು. ಇಂಗ್ಲಿಷ್ ಅಕ್ಷರಗಳನ್ನು ತಪ್ಪು ಜಾಗದಲ್ಲಿ ಒಡೆದು ಓದಿ ನಗುವವರು ಹೆಚ್ಚಾದ ಮೇಲೆ ನಡುವೆ ಒಂದು ಅಡ್ಡಗೆರೆ ಬಂತು. ಕನ್ನಡದಲ್ಲಿ ಬರೆದರೆ ಆ ಅಪಾಯವಿಲ್ಲ.

ಈ ತಾಣದ ನಿಜವಾದ ಬಂಡವಾಳ ಅದರ ಅಂಕ ಪದ್ಧತಿ. ಪ್ರಶ್ನೆ ಕೇಳುವವರು ತಮ್ಮ ಸಮಸ್ಯೆಯ ತೂಕ ನೋಡಿ 500ರವರೆಗೆ ಅಂಕ ಇಡುತ್ತಿದ್ದರು. ಪರಿಹಾರ ಸಿಕ್ಕ ಮೇಲೆ ಎ, ಬಿ ಅಥವಾ ಸಿ ದರ್ಜೆ ಕೊಟ್ಟು ಪ್ರಶ್ನೆಯನ್ನು ಮುಗಿಸುತ್ತಿದ್ದರು. ಎ ದರ್ಜೆ ಬಂದರೆ ಉತ್ತರಿಸಿದವರಿಗೆ ನಾಲ್ಕು ಪಟ್ಟು, ಬಿ ಬಂದರೆ ಮೂರು ಪಟ್ಟು, ಸಿ ಬಂದರೆ ಎರಡು ಪಟ್ಟು ಅಂಕ. ತಿಂಗಳಿಗೆ 3,000 ಅಂಕ ಗಳಿಸುವ ತಜ್ಞರು ಚಂದಾ ಕಟ್ಟಬೇಕಿರಲಿಲ್ಲ. ಅಂದರೆ 500 ಅಂಕದ ಎರಡು ಪ್ರಶ್ನೆಗಳನ್ನು ಎ ದರ್ಜೆಯಲ್ಲಿ ಬಗೆಹರಿಸಿದರೆ ಆ ತಿಂಗಳು ಸಾಗಿತು. ಹೆಚ್ಚು ದುಡಿದವರಿಗೆ 50,000 ಅಂಕಕ್ಕೆ ಮಾಸ್ಟರ್, 10 ಲಕ್ಷಕ್ಕೆ ಜೀನಿಯಸ್ ಎಂಬ ಬಿರುದುಗಳಿದ್ದವು, ಜೊತೆಗೆ ಟೀ-ಶರ್ಟ್. ಚಂದಾ ಹಣ ಮಾತ್ರ ಕಂಪನಿಗೇ ಸೇರುತ್ತಿತ್ತು. ಇದನ್ನು ಬಿಟ್ಟಿ ದುಡಿಮೆ ಎಂದು ಜರೆದವರಿದ್ದಾರೆ. ನನಗೆ ಆ ಮಾತು ಅರ್ಧ ಮಾತ್ರ ಸರಿ ಎನಿಸುತ್ತದೆ. ಏಕೆಂದರೆ ಬೇರೆಯವರ ಸರ್ವರ್ ಕೆಟ್ಟಾಗ ಅದನ್ನು ದೂರದಿಂದಲೇ ಊಹಿಸಿ ಸರಿಪಡಿಸುವುದರಲ್ಲಿ ಒಂದು ರುಚಿಯಿದೆ, ಮತ್ತು ಆ ರುಚಿ ಹತ್ತಿದವರಿಗೆ ಅಂಕವೂ ಒಂದು ಬಗೆಯ ಕೂಲಿಯೇ.

ಗೂಗಲ್ ಆನ್ಸರ್ಸ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿತ್ತು. 2002ರಲ್ಲಿ ಆರಂಭವಾದ ಆ ಸೇವೆಯಲ್ಲಿ ಪ್ರಶ್ನೆಗೆ 2ರಿಂದ 200 ಡಾಲರ್‌ವರೆಗೆ ಬೆಲೆ ಕಟ್ಟುವವರು ಕೇಳುವವರೇ, ಅದರ ಮುಕ್ಕಾಲು ಪಾಲು ಉತ್ತರಿಸಿದ ಸಂಶೋಧಕರಿಗೆ. ನ್ಯಾಯದ ತಕ್ಕಡಿಯಲ್ಲಿ ಇದೇ ಮೇಲು. ಆದರೂ 2006ರ ಕೊನೆಯಲ್ಲಿ ಅದು ಹೊಸ ಪ್ರಶ್ನೆಗಳಿಗೆ ಬಾಗಿಲು ಮುಚ್ಚಿತು. ಅಂಕ ಕೊಡುತ್ತಿದ್ದ ತಾಣ ಉಳಿದುಕೊಂಡಿತು.

ಇನ್ನು ಈ ಸೇವೆಯ ಅತ್ಯಂತ ಕೆಟ್ಟ ಗುಣಕ್ಕೆ ಬರೋಣ. ಗೂಗಲ್‌ನಲ್ಲಿ ದೋಷದ ಸಂದೇಶವನ್ನು ಹಾಕಿ ಹುಡುಕಿದರೆ ಈ ತಾಣದ ಪುಟ ಮೇಲಿನ ಸಾಲಿನಲ್ಲೇ ಸಿಗುತ್ತಿತ್ತು. ತೆರೆದರೆ ಪ್ರಶ್ನೆ ಕಾಣುತ್ತಿತ್ತು, ಅದರ ಕೆಳಗೆ ಉತ್ತರ ನೋಡಲು ಚಂದಾದಾರರಾಗಿ ಎಂಬ ಫಲಕ. ಒಂದು ಹಂತದಲ್ಲಿ ಆ ಚಂದಾ ತಿಂಗಳಿಗೆ 12.95 ಡಾಲರ್ ಇತ್ತು. ಆದರೆ ಹುಡುಕಾಟದ ಯಂತ್ರಕ್ಕೆ ಒಂದು ಪುಟ, ಓದುಗರಿಗೆ ಇನ್ನೊಂದು ಪುಟ ತೋರಿಸುವುದನ್ನು ಗೂಗಲ್ ನಿಯಮ ಒಪ್ಪುವುದಿಲ್ಲವಾದ್ದರಿಂದ, ಗೂಗಲ್‌ನಿಂದ ಬಂದವರಿಗೆ ಉತ್ತರವನ್ನು ಪೂರ್ತಿ ಮರೆಮಾಡುವಂತಿರಲಿಲ್ಲ. ಹಾಗಾಗಿ ವಿಷಯಪಟ್ಟಿಗಳ ಉದ್ದನೆಯ ಸಾಲನ್ನೆಲ್ಲ ದಾಟಿ ಪುಟದ ತಳಕ್ಕೆ ಇಳಿದರೆ ಅದೇ ಉತ್ತರ ಪುಕ್ಕಟೆಯಾಗಿ ಬಿದ್ದಿರುತ್ತಿತ್ತು. ಗುಟ್ಟು ತಿಳಿದವರು ಕೊನೆಗೆ ಇಳಿದು ಓದಿಕೊಂಡರು, ತಿಳಿಯದವರು ಹಣ ಕೊಟ್ಟರು ಇಲ್ಲವೆ ಬೈದುಕೊಂಡು ಹೊರಟರು. ಗೊತ್ತಿಲ್ಲದವರಿಗೆ ಮಾತ್ರ ಶುಲ್ಕ ಬೀಳುವಂತೆ ನಡೆಯುವ ಅಂಗಡಿಗೆ ಒಳ್ಳೆಯ ಹೆಸರು ಹೇಗೆ ಬಂದೀತು? 2008ರಲ್ಲಿ ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ ಪ್ರೋಗ್ರಾಂ ಬರೆಯುವವರಿಗಾಗಿ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪುಕ್ಕಟೆ ಪ್ರಶ್ನೋತ್ತರ ತಾಣ ಆರಂಭಿಸಿದಾಗ, ಉತ್ತರಗಳನ್ನು ಮರೆಮಾಡದೆ, ಮೂಲದ ಹೆಸರು ಹೇಳಿ ಯಾರೂ ಹಂಚಿಕೊಳ್ಳಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ತೆರೆದಿಟ್ಟದ್ದು ಈ ಅಸಮಾಧಾನಕ್ಕೆ ನೇರ ಜವಾಬಾಗಿತ್ತು.

ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್ ಎಡವಿದ್ದು ಹಣ ಕೇಳಿದ್ದರಲ್ಲಿ ಅಲ್ಲ, ಯಾವುದಕ್ಕೆ ಹಣ ಕೇಳಬೇಕು ಎಂಬುದರಲ್ಲಿ ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಬರೆದು ಮುಗಿದ ಉತ್ತರ ಹಳೆಯ ದಿನಪತ್ರಿಕೆಯ ಹಾಗೆ. ಅದನ್ನು ಬೀಗ ಹಾಕಿ ಮಾರುವುದು ಹೆಚ್ಚು ದಿನ ನಡೆಯದು. ಆದರೆ ಕಚೇರಿಯ ಮೇಲ್ ಸರ್ವರ್ ಬೆಳಿಗ್ಗೆಯಿಂದ ಮೇಲ್ ಕಳುಹಿಸುತ್ತಿಲ್ಲ, ಕಾರಣ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿದೆಯೋ ಜಾಲದ ಕಾವಲಿನ ಫೈರ್‌ವಾಲ್‌ನಲ್ಲಿದೆಯೋ ತಿಳಿಯುತ್ತಿಲ್ಲ ಎನ್ನುವ ಹೊತ್ತಿಗೆ ಒಬ್ಬ ಅನುಭವಿ ಜೊತೆಗೆ ನಿಂತು, ಈ ಆಜ್ಞೆ ಕೊಟ್ಟು ನೋಡಿ, ಲಾಗ್‌ನಲ್ಲಿ ಏನಿದೆ ಹೇಳಿ ಎಂದು ಒಂದೊಂದೇ ಎಳೆ ಬಿಡಿಸುವುದಕ್ಕೆ ಬೆಲೆಯಿದೆ. ಎಕ್ಸ್‌ಪರ್ಟ್ಸ್ ಎಕ್ಸ್‌ಚೇಂಜ್‌ನಲ್ಲಿ ಒಂದು ಪ್ರಶ್ನೆಯ ಕೆಳಗೆ ಹಲವು ಬಾರಿ ಮಾತುಕತೆ ನಡೆಯುವುದು ಸಾಮಾನ್ಯವಾಗಿತ್ತು. ಸ್ಟ್ಯಾಕ್ ಓವರ್‌ಫ್ಲೋ ಇಂಥ ಮಾತುಕತೆಯನ್ನು ಬಯಸುವುದಿಲ್ಲ. ಪ್ರಶ್ನೆ ಅಸ್ಪಷ್ಟವಾಗಿದ್ದರೆ ಅಥವಾ ಹಿಂದೆ ಯಾರೋ ಕೇಳಿದ್ದರೆ ಅದನ್ನು ಮುಚ್ಚಿಬಿಡುತ್ತದೆ. ತನ್ನ ಸಮಸ್ಯೆಯನ್ನು ಸರಿಯಾಗಿ ಹೇಳಲು ಬಾರದವನಿಗೇ ಸಹಾಯ ಹೆಚ್ಚು ಬೇಕಾಗಿರುತ್ತದೆ ಎಂಬುದನ್ನು ಹಣ ಪಡೆಯುವ ತಾಣ ಚೆನ್ನಾಗಿ ಅರಿತಿತ್ತು.

ಹೀಗಾಗಿ ಪ್ರೋಗ್ರಾಂ ಬರೆಯುವವರಿಗೆ ಈ ಚಂದಾ ಅಗತ್ಯವೆಂದು ನನಗೆ ಅನ್ನಿಸುವುದಿಲ್ಲ. ಹದಿನೈದು ಇಪ್ಪತ್ತು ಕಂಪ್ಯೂಟರ್‌ಗಳ ಸಣ್ಣ ಕಚೇರಿಯಲ್ಲಿ ಒಬ್ಬರೇ ಸರ್ವರ್, ಪ್ರಿಂಟರ್, ಬ್ಯಾಕಪ್ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದು, ಪಕ್ಕದ ಮೇಜಿನಲ್ಲಿ ಕೇಳಲು ಯಾರೂ ಇಲ್ಲದಿದ್ದರೆ, ಒಂದು ತಿಂಗಳ ಚಂದಾ ಕಟ್ಟಿ ನಿಜವಾದ ಒಂದು ತೊಡಕನ್ನು ಅಲ್ಲಿ ಮುಂದಿಟ್ಟು ನೋಡಬಹುದು. ಕೇಳುವಾಗ ಆವೃತ್ತಿ ಸಂಖ್ಯೆ ಮತ್ತು ದೋಷ ಸಂದೇಶದ ಪೂರ್ತಿ ಪಠ್ಯವನ್ನು ಸೇರಿಸಿ. ಗ್ರಾಹಕರ ಹೆಸರು, ಐಪಿ ವಿಳಾಸಗಳನ್ನು ತೆಗೆದುಹಾಕಿ.