ನುಡಿ ಕಡತಗಳ ಪರಿವರ್ತಕ ಪ್ಲಗಿನ್: ಕೆಲಸ ಅಚ್ಚುಕಟ್ಟು, ಸೆಟ್ಟಿಂಗ್‌ಗಳು ದಿಕ್ಕಿಗೊಂದು

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳನ್ನು, ವಿಶೇಷ ಫಾಂಟ್ ಇಲ್ಲದೆಯೂ ಓದಬಹುದಾದ ಯೂನಿಕೋಡಿಗೆ ಬದಲಾಯಿಸುವ ಉಚಿತ ಪ್ಲಗಿನ್ ಒಂದನ್ನು, ಅಂದರೆ ಪುಟ್ಟ ಸೇರ್ಪಡೆಯೊಂದನ್ನು, ಕಾಗದಪತ್ರ ಬರೆಯುವ ಲಿಬ್ರೆಆಫೀಸ್ ತಂತ್ರಾಂಶಕ್ಕೆ ಸೇರಿಸಿಕೊಂಡು ವರ್ಷದ ಮೇಲಾಯಿತು. ಮೂಡಿಗೆರೆ ಕಡೆಯ ಕಾಫಿ ತೋಟದ ಆಫೀಸಿನಲ್ಲಿ ರೈಟರ್, ಅಂದರೆ ಲೆಕ್ಕಪತ್ರದ ಗುಮಾಸ್ತ, ಆಗಿರುವ ನಾನು ವರ್ಷವರ್ಷವೂ ಹಣ ಕಟ್ಟಬೇಕಾದ ತಂತ್ರಾಂಶವನ್ನು ಯಜಮಾನರ ಬಳಿ ಕೇಳುವಂತಿಲ್ಲ. ಆದ್ದರಿಂದ ಬೆಲೆಯ ವಿಷಯದಲ್ಲಿ ದೂರಿಲ್ಲ.

ಬೆಳಿಗ್ಗೆ ಆಳುಗಳ ಹಾಜರಿಯ ಚೆಕ್‌ರೋಲ್ ತುಂಬಿದ ಮೇಲೆ ಒಂದೆರಡು ಹಳೆಯ ಕಾಗದಗಳನ್ನು ತೆರೆಯುವುದು ರೂಢಿ. ನುಡಿ ಫಾಂಟ್ ಇಲ್ಲದ ಈ ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಎಲ್ಲವನ್ನೂ ಆಯ್ದು ಬಟನ್ ಒತ್ತಿದರೆ ಕನ್ನಡವಾಗುತ್ತವೆ. ಆಗ ನಾನು ಮೊದಲು ಹುಡುಕುವುದು ‘ವರ್ಷ’, ‘ಖರ್ಚು’, ‘ಕಾರ್ಮಿಕ’ ಎಂಬಂತಹ ಪದಗಳನ್ನು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು (ಈ ಪದಗಳಲ್ಲಿ ‘ರ್’ ಅನ್ನು ಸೂಚಿಸುವ ಚಿಹ್ನೆ) ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕಗಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಇದು ಎಡವಿದ್ದನ್ನು ನಾನು ಕಂಡಿಲ್ಲ.

ಬೇಸರವೆಲ್ಲ ಸೆಟ್ಟಿಂಗ್‌ಗಳದು. ಮೂಲ ಕಡತ ನುಡಿಯದೋ, ಅದರಂತಹದೇ ಇನ್ನೊಂದು ತಂತ್ರಾಂಶವಾದ ‘ಬರಹ’ದ್ದೋ ಎಂಬ ಆಯ್ಕೆ ಟೂಲ್ಸ್ ಮೆನುವಿನ ಆಡ್-ಆನ್ಸ್ ಒಳಗಿದೆ. ಅಂಕಿಗಳು ಕನ್ನಡದವಾಗಬೇಕೇ ಎಂಬುದು ಪ್ಲಗಿನ್ ತನಗಾಗಿಯೇ ಮೇಲಿನ ಪಟ್ಟಿಯಲ್ಲಿ ತೆರೆದುಕೊಂಡ ಪ್ರತ್ಯೇಕ ಮೆನುವಿನಲ್ಲಿದೆ. ಬದಲಾದ ಪಠ್ಯಕ್ಕೆ ಯಾವ ಫಾಂಟ್ ಎಂಬುದು ಟೂಲ್ಸ್‌ನ ಆಪ್ಷನ್ಸ್ ಒಳಗೆ ಎಲ್ಲೋ ಕೆಳಗಿದೆ. ಅಪ್‌ಡೇಟ್ ಆದ ಮೇಲೆ ಅಂಕಿಯ ಆಯ್ಕೆ ತಾನಾಗಿಯೇ ಬದಲಾಗಿ, ಬ್ಯಾಂಕಿಗೆ ಕೊಡಬೇಕಿದ್ದ ಪತ್ರದಲ್ಲಿ ಖಾತೆ ಸಂಖ್ಯೆಯೆಲ್ಲ ಕನ್ನಡ ಅಂಕಿಗಳಲ್ಲಿ ಬಂದುಬಿಟ್ಟಿತು. ಅದೂ ಬಟವಾಡೆಯ ಹಿಂದಿನ ಸಂಜೆ! ಸರಿಪಡಿಸುವ ಜಾಗ ಹುಡುಕುವುದರಲ್ಲಿ ಕತ್ತಲಾಯಿತು.

ಹುಡುಕುವಾಗಲೇ ಕಣ್ಣಿಗೆ ಬಿದ್ದದ್ದೊಂದು ನನ್ನ ಸಿಟ್ಟನ್ನು ತುಸು ಇಳಿಸಿತು. ಕಂಟ್ರೋಲ್, ಆಲ್ಟ್, ಇ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆಯುವ ಎಕ್ಸ್‌ಟೆನ್ಷನ್‌ಗಳ (ಪ್ಲಗಿನ್‌ಗಳಿಗೆ ಲಿಬ್ರೆಆಫೀಸ್ ಇಟ್ಟ ಹೆಸರು) ಪಟ್ಟಿಯಲ್ಲಿ, ಸೆಟ್ಟಿಂಗ್ ಪುಟವಿರುವ ಪ್ಲಗಿನ್‌ನ ಹೆಸರಿನ ಮೇಲೆ ಕ್ಲಿಕ್ ಮಾಡಿದಾಗ ಕೆಳಗೆ ಆಪ್ಷನ್ಸ್ ಬಟನ್ ಸಿಗುತ್ತದೆ. ಅದನ್ನು ಒತ್ತಿದರೆ ನೇರವಾಗಿ ಆ ಪ್ಲಗಿನ್‌ನ ಪುಟಕ್ಕೇ ಹೋಗಬಹುದು. ಆಲ್ಟ್ ಮತ್ತು ಎಫ್12 ಒತ್ತಿ ಆಪ್ಷನ್ಸ್‌ನ ಉದ್ದ ಪಟ್ಟಿಯಲ್ಲಿ ಇಳಿದು ಹೋದರೂ ಸಿಗುವುದು ಅದೇ ಪುಟ. ದಾರಿ ಎರಡಾದರೂ ಮನೆ ಒಂದೇ ಆಗಿರುವ ಈ ಏರ್ಪಾಡನ್ನು ಲಿಬ್ರೆಆಫೀಸ್ ಎಲ್ಲ ಪ್ಲಗಿನ್‌ಗಳಿಗೂ ಕೊಟ್ಟಿದೆ. ನಮ್ಮ ಪ್ಲಗಿನ್ ಅದರಲ್ಲಿ ಫಾಂಟ್ ಒಂದನ್ನಿಟ್ಟು ಉಳಿದದ್ದನ್ನು ಹೊರಗೆ ಹರಡಿದೆ, ಅಷ್ಟೆ.

ನನ್ನ ಪ್ರಕಾರ, ಒಮ್ಮೆ ಆಯ್ದು ಮರೆಯಬಹುದಾದ ಫಾಂಟ್ ಮತ್ತು ಅಂಕಿ ಆಪ್ಷನ್ಸ್ ಪುಟದಲ್ಲಿಯೇ ಇರಬೇಕು. ನುಡಿಯೋ ಬರಹವೋ ಎಂಬುದು ಕಡತದಿಂದ ಕಡತಕ್ಕೆ ಬದಲಾಗುವುದರಿಂದ ಬಟನ್ ಒತ್ತಿದಾಗ ಬರುವ ಕಿಟಕಿಯಲ್ಲಿಯೇ ಕೇಳಬೇಕು. ಮೇಲಿನ ಪಟ್ಟಿಯಲ್ಲಿ ಸ್ವಂತ ಮೆನು ಬೇಕಾಗಿಯೇ ಇಲ್ಲ. ಮೂರು ನಾಲ್ಕು ಪ್ಲಗಿನ್‌ಗಳು ಹೀಗೆಯೇ ಮಾಡಿದರೆ ನಮ್ಮ ಸಣ್ಣ ಪರದೆಯಲ್ಲಿ ಜಾಗವೆಲ್ಲಿ? ಮ್ಯಾಕ್ ಬಳಸುವ ಯಜಮಾನರ ಮಗನಿಗೆ ಫೋನಿನಲ್ಲಿ ದಾರಿ ಹೇಳುವುದಂತೂ ಇನ್ನೂ ಕಷ್ಟ, ಏಕೆಂದರೆ ಅಲ್ಲಿ ಆಪ್ಷನ್ಸ್ ಟೂಲ್ಸ್‌ನಲ್ಲಿರದೆ ಲಿಬ್ರೆಆಫೀಸ್ ಎಂಬ ಮೆನುವಿನಲ್ಲಿ ಪ್ರಿಫರೆನ್ಸಸ್ ಎಂಬ ಹೆಸರಿನಲ್ಲಿದೆ.

ಪರಿವರ್ತನೆಗೆ ಐದಕ್ಕೆ ಐದು, ಸೆಟ್ಟಿಂಗ್‌ಗಳಿಗೆ ಎರಡು. ತೆಗೆದುಹಾಕುವ ಯೋಚನೆಯಿಲ್ಲ, ಕಪಾಟಿನಲ್ಲಿ ಹಳೆಯ ಕಡತಗಳ ಸಿಡಿಗಳು ಇನ್ನೂ ಒಂದು ರಾಶಿ ಇವೆ.